ಒಂದೇ ಬ್ರೌಸರ್, ಹಲವು ಖಾತೆ: ಲಾಗಿನ್ ಕಲಸಿಹೋಗದಂತೆ ಫೈರ್‌ಫಾಕ್ಸ್ ಕಂಟೇನರ್ ಹೊಂದಿಸುವ ಸಮಗ್ರ ಮಾರ್ಗದರ್ಶಿ

ಬೆಟಗೇರಿಯ ಸೀರೆ ವ್ಯಾಪಾರಿಯೊಬ್ಬರು ಫೋನ್ ಮಾಡಿದ್ದರು. "ಸರ, ನೀವು ಹೇಳಿದ್ದ ಕಂಟೇನರ್ ಹಾಕೇನ್ರಿ. ಆದ್ರೂ ಅಂಗಡಿ ಬಿಲ್ ಮಗಳ ಜಿಮೇಲಿಂದ ಹೋಗೇತ್ರಿ." ಹೋಗಿ ನೋಡಿದೆ. ಎಕ್ಸ್‌ಟೆನ್ಷನ್ (ಬ್ರೌಸರ್‌ಗೆ ಸೇರಿಸುವ ಸಣ್ಣ ಸೌಲಭ್ಯ) ಸರಿಯಾಗಿಯೇ ಕೂತಿತ್ತು. 'ಮನೆ', 'ಅಂಗಡಿ', 'ಬ್ಯಾಂಕ್' ಅಂತ ಹೆಸರುಗಳೂ ಇದ್ದವು. ಆದರೆ ಜಿಮೇಲ್ ತೆರೆದಿದ್ದ ಟ್ಯಾಬ್‌ಗೆ ಕಂಟೇನರ್‌ನ ಬಣ್ಣವೇ ಇರಲಿಲ್ಲ. ಡಬ್ಬಿ ತಂದಿಟ್ಟಿದ್ದರು, ಸಾಮಾನು ಮಾತ್ರ ಇನ್ನೂ ಹೊರಗೇ ಬಿದ್ದಿತ್ತು.

ಗದಗ, ಹುಬ್ಬಳ್ಳಿ, ಹಾವೇರಿ ಕಡೆ ನಾನು ನೋಡಿದವರಲ್ಲಿ ಹೆಚ್ಚಿನವರು ಎಡವಿದ್ದು ಇದೇ ಜಾಗದಲ್ಲಿ. ಒಂದೊಂದು ಕೆಲಸವೂ ಸುಲಭ, ಆದರೆ ಹಿಂದು ಮುಂದಾದರೆ ಎಲ್ಲ ಮಾಡಿಯೂ ಉಪಯೋಗವಿಲ್ಲ. ಆದ್ದರಿಂದ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ನಾಲ್ಕನೆಯ ಹಂತವನ್ನಂತೂ ಬಿಡಲೇಬೇಡಿ.

## ಮೊದಲು ಇಷ್ಟು ಗೊತ್ತಿರಲಿ

ನೀವು ಒಂದು ಸೈಟ್‌ಗೆ ಲಾಗಿನ್ ಆದಾಗ ಆ ಸೈಟ್ ನಿಮ್ಮ ಬ್ರೌಸರ್‌ನಲ್ಲಿ ಒಂದು ಸಣ್ಣ ಗುರುತಿನ ಚೀಟಿ ಇಡುತ್ತದೆ. ಇದನ್ನೇ ಕುಕಿ ಅನ್ನುವುದು. ಮುಂದಿನ ಸಲ ಆ ಚೀಟಿ ನೋಡಿ 'ಇವರೇ' ಅಂತ ಒಳಗೆ ಬಿಡುತ್ತದೆ. ಸಾಮಾನ್ಯವಾಗಿ ಬ್ರೌಸರ್‌ನ ಎಲ್ಲ ಟ್ಯಾಬ್‌ಗಳೂ ಒಂದೇ ಚೀಟಿ ಬಳಸುತ್ತವೆ. ಅದಕ್ಕೇ ಒಂದು ಟ್ಯಾಬ್‌ನಲ್ಲಿ ಎರಡನೆಯ ಖಾತೆ ತೆರೆದರೆ ಮೊದಲನೆಯದು ಹೊರಗೆ ಬೀಳುತ್ತದೆ, ಇಲ್ಲವೇ ಎರಡೂ ಕಲಸಿಹೋಗುತ್ತವೆ.

ಕಂಟೇನರ್ ಅಂದರೆ ಮಸಾಲೆ ಡಬ್ಬಿಯ ಬಟ್ಟಲು ಇದ್ದಂತೆ. ಹೊರಗಿನ ಡಬ್ಬಿ ಒಂದೇ. ಒಳಗೆ ಸಾಸಿವೆಯ ಬಟ್ಟಲು ಬೇರೆ, ಅರಿಶಿನದ್ದು ಬೇರೆ. 'ಅಂಗಡಿ' ಕಂಟೇನರ್‌ನ ಚೀಟಿ 'ಮನೆ' ಕಂಟೇನರ್‌ಗೆ ಕಾಣಿಸುವುದಿಲ್ಲ. ಯಾವ ಟ್ಯಾಬ್ ಯಾವ ಕಂಟೇನರ್‌ನದು ಅಂತ ಗೊತ್ತಾಗಲು ಪ್ರತಿಯೊಂದಕ್ಕೂ ಒಂದು ಬಣ್ಣ ಇರುತ್ತದೆ. ಹೀಗಾಗಿ ಎರಡು ಜಿಮೇಲ್, ಎರಡು ಇನ್‌ಸ್ಟಾಗ್ರಾಂ, ಎರಡು ನಂಬರಿನ ವಾಟ್ಸಾಪ್ ವೆಬ್ ಒಂದೇ ಕಿಟಕಿಯಲ್ಲಿ ಒಟ್ಟಿಗೆ ನಡೆಯುತ್ತವೆ.

## ಏನೇನು ಬೇಕು

ಕಂಪ್ಯೂಟರ್ ಅಥವಾ ಲ್ಯಾಪ್‌ಟಾಪ್, ವಿಂಡೋಸ್ ಆದರೂ ಸರಿ, ಲಿನಕ್ಸ್ ಆದರೂ ಸರಿ. ಫೈರ್‌ಫಾಕ್ಸ್ ಬ್ರೌಸರ್. 'ಮಲ್ಟಿ-ಅಕೌಂಟ್ ಕಂಟೇನರ್ಸ್' ಎಂಬ ಎಕ್ಸ್‌ಟೆನ್ಷನ್. ಒಂದು ನೋಟ್‌ಬುಕ್, ಒಂದು ಪೆನ್ನು.

ಇನ್ನೊಂದನ್ನು ಹೆಚ್ಚಿನವರು ಮರೆಯುತ್ತಾರೆ: ಓಟಿಪಿ ಬರುವ ಎಲ್ಲ ಫೋನ್‌ಗಳೂ ಪಕ್ಕದಲ್ಲೇ ಇರಬೇಕು. ಬ್ಯಾಂಕ್ ಓಟಿಪಿ ಅಪ್ಪನ ಫೋನಿಗೆ ಬರುತ್ತದೆ, ಅಪ್ಪ ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಟೆಂಡರ್‌ನಲ್ಲಿದ್ದಾರೆ ಅಂದರೆ ಆವತ್ತು ಈ ಕೆಲಸ ಬೇಡ. ಅರ್ಧಕ್ಕೆ ನಿಲ್ಲಿಸಿದರೆ ಮೊದಲಿಗಿಂತ ಜಾಸ್ತಿ ಗೊಂದಲ ಆಗುತ್ತದೆ. ಎಲ್ಲರೂ ಮನೆಯಲ್ಲಿರುವ ಒಂದು ಸಂಜೆ ನೋಡಿಕೊಳ್ಳಿ.

## ಹಂತ 1: ಕಾಗದದ ಮೇಲೆ ಪಟ್ಟಿ ಮಾಡಿ

ಕಂಪ್ಯೂಟರ್ ಮುಟ್ಟುವ ಮೊದಲು ನೋಟ್‌ಬುಕ್‌ನಲ್ಲಿ ನಾಲ್ಕು ಕಾಲಂ ಹಾಕಿ. ಸೈಟ್ ಹೆಸರು, ಯಾವ ಐಡಿ, ಓಟಿಪಿ ಯಾವ ಫೋನಿಗೆ, ಯಾವ ಕೆಲಸಕ್ಕೆ. ಪಾಸ್‌ವರ್ಡ್ ಮಾತ್ರ ಇದರಲ್ಲಿ ಬರೆಯಬೇಡಿ.

ಈಗ ನಾಲ್ಕನೆಯ ಕಾಲಂ ನೋಡಿ ಗುಂಪು ಮಾಡಿ. ಹೆಸರಿಡುವುದರಲ್ಲೇ ಮೊದಲ ತಪ್ಪು ನಡೆಯುತ್ತದೆ. 'ಜಿಮೇಲ್', 'ಫೇಸ್‌ಬುಕ್' ಅಂತ ಸೈಟ್ ಹೆಸರಿನ ಕಂಟೇನರ್ ಮಾಡುತ್ತಾರೆ. ಆಗ ಎರಡೂ ಜಿಮೇಲ್ ಒಂದೇ ಬಟ್ಟಲಿಗೆ ಬಿದ್ದವು, ಅಲ್ವಾ? ಕಂಟೇನರ್‌ಗೆ ಕೆಲಸದ ಹೆಸರು ಕೊಡಿ: ಮನೆ, ಅಂಗಡಿ, ಬ್ಯಾಂಕ್, ಜಿಎಸ್‌ಟಿ, ಮಗಳ ಕಾಲೇಜು. ಒಂದೇ ಸೈಟಿನ ಎರಡು ಖಾತೆಗಳು ಯಾವತ್ತೂ ಒಂದೇ ಕಂಟೇನರ್‌ನಲ್ಲಿ ಇರಬಾರದು. ಪಟ್ಟಿಯನ್ನು ಈ ಕಣ್ಣಿನಿಂದ ಇನ್ನೊಮ್ಮೆ ನೋಡಿ.

ಮನೆ ಮತ್ತು ಅಂಗಡಿಗೆ ಐದಾರು ಕಂಟೇನರ್ ಸಾಕು. ಹುಬ್ಬಳ್ಳಿಯ ತೆರಿಗೆ ಸಲಹೆಗಾರರೊಬ್ಬರು ನಲವತ್ತು ಕಕ್ಷಿದಾರರಿಗೆ ನಲವತ್ತು ಕಂಟೇನರ್ ಮಾಡಲು ಹೊರಟಿದ್ದರು. ನಾನು ಬೇಡ ಅಂದೆ. ಅಷ್ಟಾದರೆ ಬಣ್ಣಗಳು ಮತ್ತೆ ಮತ್ತೆ ಬರುತ್ತವೆ, ಕಣ್ಣಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಒಟ್ಟಿಗೆ ತೆರೆದಿಡಬೇಕಾದ್ದು ಎಷ್ಟೋ ಅಷ್ಟು ಮಾಡಿ. ಅವರಿಗೆ 'ಜಿಎಸ್‌ಟಿ 1', 'ಜಿಎಸ್‌ಟಿ 2', 'ಜಿಎಸ್‌ಟಿ 3' ಸಾಕಾಯಿತು. ಒಬ್ಬರ ಕೆಲಸ ಮುಗಿದ ಮೇಲೆ ಲಾಗೌಟ್ ಮಾಡಿ ಇನ್ನೊಬ್ಬರದ್ದು ತೆರೆಯುತ್ತಾರೆ.

## ಹಂತ 2: ಬ್ರೌಸರ್ ಸೆಟ್ಟಿಂಗ್ ಸರಿ ಮಾಡಿ

ಫೈರ್‌ಫಾಕ್ಸ್‌ನ ಸೆಟ್ಟಿಂಗ್ಸ್‌ಗೆ ಹೋಗಿ 'ಪ್ರೈವೆಸಿ ಅಂಡ್ ಸೆಕ್ಯುರಿಟಿ' ತೆರೆಯಿರಿ. ಮೂರು ಕಡೆ ನೋಡಬೇಕು.

ಹಿಸ್ಟರಿ ಜಾಗದಲ್ಲಿ 'ನೆವರ್ ರಿಮೆಂಬರ್ ಹಿಸ್ಟರಿ' ಇದ್ದರೆ ಬದಲಿಸಿ 'ರಿಮೆಂಬರ್ ಹಿಸ್ಟರಿ' ಮಾಡಿ. ಗುಟ್ಟು ಕಾಪಾಡಲು ಅಂತ ಅದನ್ನು ಹಾಕಿಕೊಂಡವರು ಬಹಳ ಜನ. ಆದರೆ ಆಗ ಬ್ರೌಸರ್ ಯಾವಾಗಲೂ ಪ್ರೈವೇಟ್ ವಿಂಡೋದಂತೆ (ಮುಚ್ಚಿದೊಡನೆ ಎಲ್ಲ ಮರೆಯುವ ಕಿಟಕಿ) ನಡೆಯುತ್ತದೆ, ಅಲ್ಲಿ ಕಂಟೇನರ್ ಕೆಲಸ ಮಾಡುವುದಿಲ್ಲ.

ಫೈರ್‌ಫಾಕ್ಸ್ ಮುಚ್ಚಿದಾಗ ಕುಕಿ ಅಳಿಸುವ ಆಯ್ಕೆಯ ಟಿಕ್ ತೆಗೆಯಿರಿ. ಅದು ಇದ್ದರೆ ದಿನಾ ಬೆಳಿಗ್ಗೆ ಎಲ್ಲ ಕಂಟೇನರ್‌ನಲ್ಲೂ ಹೊಸದಾಗಿ ಲಾಗಿನ್ ಆಗಬೇಕು. ಬೇಸತ್ತು ನೀವೇ ಕೈಬಿಡುತ್ತೀರಿ.

ಟ್ರ್ಯಾಕಿಂಗ್ ತಡೆಯುವ ಮಟ್ಟವನ್ನು 'ಸ್ಟ್ಯಾಂಡರ್ಡ್'ನಲ್ಲೇ ಬಿಡಿ. 2022ರ ಜೂನ್‌ನಿಂದ ಈ ಮಟ್ಟದಲ್ಲೂ ಫೈರ್‌ಫಾಕ್ಸ್ ಒಂದೊಂದು ಸೈಟಿನ ಕುಕಿಯನ್ನು ಬೇರೆ ಬೇರೆಯಾಗಿ ಇಡುತ್ತದೆ. ಆದರೆ ಒಂದೇ ಸೈಟಿನ ಎರಡು ಖಾತೆಗಳನ್ನು ಅದು ಬೇರೆ ಮಾಡುವುದಿಲ್ಲ, ಅದಕ್ಕೇ ಕಂಟೇನರ್ ಬೇಕು. 'ಸ್ಟ್ರಿಕ್ಟ್' ಹಾಕಿದರೆ ಕೆಲವು ಸರಕಾರಿ ಮತ್ತು ಬ್ಯಾಂಕ್ ಪುಟಗಳಲ್ಲಿ ಬಟನ್ ಒತ್ತಿದರೂ ಏನೂ ಆಗದೆ ಇರಬಹುದು. ತಪ್ಪು ಎಲ್ಲಿದೆ ಅಂತ ಹುಡುಕುವುದೇ ಕಷ್ಟವಾಗುತ್ತದೆ.

## ಹಂತ 3: ಎಕ್ಸ್‌ಟೆನ್ಷನ್ ಹಾಕಿ, ಕಂಟೇನರ್ ಮಾಡಿ

ಫೈರ್‌ಫಾಕ್ಸ್ ಮೆನುವಿನ ಎಕ್ಸ್‌ಟೆನ್ಷನ್ ಪುಟದಿಂದಲೇ ಹುಡುಕಿ. ಗೂಗಲ್‌ನಲ್ಲಿ ಹುಡುಕಿ ಮೊದಲು ಬಂದ ಜಾಹೀರಾತು ಒತ್ತಬೇಡಿ. ಹೋಲುವ ಹೆಸರಿನವು ಬೇರೆ ಇರುತ್ತವೆ. ಫೈರ್‌ಫಾಕ್ಸ್ ತಯಾರಿಸುವ ಮೊಝಿಲ್ಲಾದ್ದೇ ಹೌದೋ ಎಂದು ನೋಡಿ ಹಾಕಿ. ನಿಮ್ಮ ಎಲ್ಲ ಲಾಗಿನ್‌ಗಳ ಮಧ್ಯೆ ಕೂರುವ ಎಕ್ಸ್‌ಟೆನ್ಷನ್ ಇದು. ಇಲ್ಲಿ ಎರಡು ನಿಮಿಷ ಜಾಸ್ತಿ ಹೋದರೂ ಪರವಾಗಿಲ್ಲ.

ಹಾಕಿದ ಮೇಲೆ ನಾಲ್ಕು ಕಂಟೇನರ್ ತಾವಾಗಿಯೇ ಇರುತ್ತವೆ: ಪರ್ಸನಲ್, ವರ್ಕ್, ಬ್ಯಾಂಕಿಂಗ್, ಶಾಪಿಂಗ್. 'ಮ್ಯಾನೇಜ್ ಕಂಟೇನರ್ಸ್' ಒಳಗೆ ಹೋಗಿ ಹೆಸರು ಬದಲಿಸಿ, ಬೇಕಾದಷ್ಟು ಹೊಸದು ಸೇರಿಸಿ. ಹೆಸರು ಕನ್ನಡದಲ್ಲೇ ಬರೆಯಬಹುದು. ಬಣ್ಣ ಆರಿಸುವಾಗ ಹಣದ ಕೆಲಸಕ್ಕೆ ಕೆಂಪು ಕೊಡಿ, ಬೇರೆ ಯಾವುದಕ್ಕೂ ಕೆಂಪು ಬೇಡ.

## ಹಂತ 4: ಬಣ್ಣವಿಲ್ಲದ ಜಾಗ ಖಾಲಿ ಮಾಡಿ

ಸೀರೆ ವ್ಯಾಪಾರಿ ಬಿಟ್ಟಿದ್ದು ಇದನ್ನೇ. ಕಂಟೇನರ್ ಮಾಡಿದ ಮಾತ್ರಕ್ಕೆ ಹಳೆಯ ಲಾಗಿನ್‌ಗಳು ಅದರೊಳಗೆ ಹೋಗುವುದಿಲ್ಲ. ಬಣ್ಣವಿಲ್ಲದ ಸಾಮಾನ್ಯ ಟ್ಯಾಬ್‌ನಲ್ಲಿ ಅವು ಹಾಗೇ ಇರುತ್ತವೆ. ಹೊಸ ಟ್ಯಾಬ್ ತೆರೆದು ಜಿಮೇಲ್ ಅಂತ ಟೈಪ್ ಮಾಡಿದರೆ ಹಳೆಯ ಖಾತೆಯೇ ಬರುತ್ತದೆ. ಅಭ್ಯಾಸದ ಬಲದಿಂದ ನೀವೂ ಅಲ್ಲಿಂದಲೇ ಕೆಲಸ ಶುರು ಮಾಡುತ್ತೀರಿ.

ಅದಕ್ಕೆ ಆ ಜಾಗವನ್ನು ಪೂರ್ತಿ ಖಾಲಿ ಮಾಡಬೇಕು. ಆದರೆ ಅದಕ್ಕೂ ಮೊದಲು ಒಂದು ಕೆಲಸ ಇದೆ. ಪಟ್ಟಿಯ ಪ್ರತಿ ಐಡಿಯ ಪಾಸ್‌ವರ್ಡ್ ನಿಮಗೆ ಗೊತ್ತಿದೆಯೇ? ಎರಡು ವರ್ಷದಿಂದ ಲಾಗಿನ್ ಆಗಿಯೇ ಇರುವ ಖಾತೆಯ ಪಾಸ್‌ವರ್ಡ್ ಎಷ್ಟೋ ಜನರಿಗೆ ನೆನಪಿರುವುದಿಲ್ಲ. ಒಳಗಿರುವಾಗಲೇ ಮೂರು ವಿಷಯ ನೋಡಿಕೊಳ್ಳಿ: ಪಾಸ್‌ವರ್ಡ್ ಸೇವ್ ಆಗಿದೆಯೇ, ಖಾತೆ ವಾಪಸ್ ಪಡೆಯಲು ಕೊಟ್ಟ ಮೊಬೈಲ್ ನಂಬರ್ ಇನ್ನೂ ಚಾಲ್ತಿಯಲ್ಲಿದೆಯೇ, ಅಲ್ಲಿರುವ ಇಮೇಲ್ ನಿಮ್ಮದೇ ಹೌದೇ. ಹಳೆಯ ಸಿಮ್ ಬಿಟ್ಟಿದ್ದರೆ ಈಗಲೇ ಹೊಸ ನಂಬರ್ ಹಾಕಿ. ಹೊರಗೆ ಬಂದ ಮೇಲೆ ಇದು ದೊಡ್ಡ ತಲೆನೋವು. ನನ್ನ ಕಣ್ಣೆದುರೇ ಒಬ್ಬರ ಅಂಗಡಿಯ ಇನ್‌ಸ್ಟಾಗ್ರಾಂ ಪುಟ ಹೀಗೆ ಕೈತಪ್ಪಿತು. ಹಬ್ಬದ ಸೀಸನ್ ಬೇರೆ. ಹಾಗಾಗಿ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ.

ಇದಾದ ಮೇಲೆ ಸೆಟ್ಟಿಂಗ್ಸ್‌ನಲ್ಲಿ 'ಕುಕೀಸ್ ಅಂಡ್ ಸೈಟ್ ಡೇಟಾ' ಜಾಗಕ್ಕೆ ಹೋಗಿ 'ಕ್ಲಿಯರ್ ಡೇಟಾ' ಒತ್ತಿ. ಕುಕಿ ಮಾತ್ರ ಅಳಿಸಿದರೆ ಸಾಕು. ಸೇವ್ ಮಾಡಿದ ಪಾಸ್‌ವರ್ಡ್, ಬುಕ್‌ಮಾರ್ಕ್ ಹಾಗೇ ಉಳಿಯುತ್ತವೆ. ಬಳಿಕ ಬಣ್ಣವಿಲ್ಲದ ಟ್ಯಾಬ್‌ನಲ್ಲಿ ಜಿಮೇಲ್ ತೆರೆದು ನೋಡಿ. ಅದು ಪಾಸ್‌ವರ್ಡ್ ಕೇಳಬೇಕು. ಕೇಳಿದರೆ ಈ ಹಂತ ಮುಗಿಯಿತು.

ಮುಂದೆಂದೂ ಇದೇ ಬಟನ್ ಒತ್ತಬೇಡಿ. ಆಗ ಎಲ್ಲ ಕಂಟೇನರ್‌ನ ಲಾಗಿನ್ ಕೂಡ ಒಟ್ಟಿಗೆ ಹೋಗಿಬಿಡುತ್ತದೆ.

## ಹಂತ 5: ಒಂದೊಂದೇ ಕಂಟೇನರ್‌ನಲ್ಲಿ ಲಾಗಿನ್ ಆಗಿ

ಹೊಸ ಟ್ಯಾಬ್‌ನ ಪ್ಲಸ್ ಗುರುತಿನ ಮೇಲೆ ಮೌಸ್‌ನ ಬಲಗಡೆ ಒತ್ತಿ. ಕಂಟೇನರ್ ಪಟ್ಟಿ ಬರುತ್ತದೆ. ಕಂಟ್ರೋಲ್ ಒತ್ತಿ ಹಿಡಿದು ಚುಕ್ಕಿಯ ಕೀ ಒತ್ತಿದರೆ ಎಕ್ಸ್‌ಟೆನ್ಷನ್‌ನ ಪ್ಯಾನೆಲ್ ತೆರೆಯುತ್ತದೆ. ಎರಡರಲ್ಲಿ ನಿಮಗೆ ಸಲೀಸಾದದ್ದನ್ನು ರೂಢಿ ಮಾಡಿಕೊಳ್ಳಿ.

'ಅಂಗಡಿ' ತೆರೆದಿರಿ ಅಂದುಕೊಳ್ಳಿ. ಟ್ಯಾಬ್‌ನಲ್ಲಿ ಬಣ್ಣದ ಗೆರೆ, ಅಡ್ರೆಸ್ ಬಾರ್‌ನ ಬಲತುದಿಯಲ್ಲಿ ಕಂಟೇನರ್ ಹೆಸರು ಕಾಣಬೇಕು. ಪಾಸ್‌ವರ್ಡ್ ಹಾಕುವ ಮೊದಲೇ ಆ ಹೆಸರು ಓದಿ. ಅಂಗಡಿಯ ಖಾತೆಗಳೆಲ್ಲ ಮುಗಿದ ಮೇಲೆ ಮುಂದಿನ ಕಂಟೇನರ್‌ಗೆ ಹೋಗಿ. ಅಲ್ಲಿಷ್ಟು ಇಲ್ಲಿಷ್ಟು ಮಾಡಿದರೆ ಯಾವುದು ಆಯಿತು, ಯಾವುದು ಉಳಿಯಿತು ಗೊತ್ತಾಗುವುದಿಲ್ಲ. ಆದದ್ದಕ್ಕೆ ನೋಟ್‌ಬುಕ್‌ನಲ್ಲಿ ಟಿಕ್ ಹಾಕುತ್ತ ಬನ್ನಿ.

ಸೈಟ್‌ಗಳ ಕಣ್ಣಿಗೆ ಪ್ರತಿ ಕಂಟೇನರ್ ಹೊಸ ಬ್ರೌಸರ್ ಇದ್ದಂತೆ. ಅದಕ್ಕೇ ಓಟಿಪಿ ಕೇಳುತ್ತವೆ, 'ಹೊಸ ಸಾಧನದಿಂದ ಲಾಗಿನ್' ಅಂತ ಇಮೇಲ್ ಕಳಿಸುತ್ತವೆ. ಈ ಸಂಜೆ ಅದು ಬರುವುದು ಸಹಜ. ನೀವು ಏನೂ ಮಾಡದ ಹೊತ್ತಿನಲ್ಲಿ ಬಂದರೆ ಮಾತ್ರ ಆ ಇಮೇಲ್‌ನ ಲಿಂಕ್ ಒತ್ತದೆ, ಸೈಟ್‌ಗೆ ನೇರವಾಗಿ ಹೋಗಿ ಪಾಸ್‌ವರ್ಡ್ ಬದಲಿಸಿ.

## ಹಂತ 6: 'ಯಾವಾಗಲೂ ಇಲ್ಲೇ ತೆರೆ' ಆಯ್ಕೆಯನ್ನು ಎಣಿಸಿ ಬಳಸಿ

ಪ್ಯಾನೆಲ್‌ನಲ್ಲಿ 'ಆಲ್ವೇಸ್ ಓಪನ್ ದಿಸ್ ಸೈಟ್ ಇನ್' ಅಂತ ಇದೆ. ಒಂದು ಸೈಟನ್ನು ಒಂದು ಕಂಟೇನರ್‌ಗೆ ಕಟ್ಟಿಹಾಕಿದರೆ ಎಲ್ಲಿಂದ ಒತ್ತಿದರೂ ಅದು ಅಲ್ಲೇ ತೆರೆಯುತ್ತದೆ. ಇದನ್ನು ನೋಡಿದ ಕೂಡಲೇ ಎಲ್ಲ ಸೈಟಿಗೂ ಹಾಕುವ ಆಸೆ ಬರುತ್ತದೆ. ಹಾಗೆ ಮಾಡಿದವರಿಂದಲೇ ನನಗೆ ಜಾಸ್ತಿ ಫೋನ್ ಬರುವುದು.

ಒಂದೇ ಖಾತೆ ಇರುವ ಸೈಟಿಗೆ ಇದು ತುಂಬಾ ಒಳ್ಳೆಯದು. ಮಗಳ ವಿದ್ಯಾರ್ಥಿವೇತನದ ಪುಟ, ನಿಮ್ಮ ಒಂದೇ ಒಂದು ವಿಮೆಯ ಪುಟ, ಇಂಥವು. ಎರಡು ಖಾತೆ ಇರುವ ಗೂಗಲ್‌ಗೆ ಬೇಡ. 'ಅಂಗಡಿ'ಯಲ್ಲಿ ತೆರೆದರೂ 'ಮನೆಯಲ್ಲಿ ತೆರೆಯಲೇ?' ಅಂತ ಕೇಳುವ ಪುಟ ಬರುತ್ತದೆ. ನೋಡದೆ 'ಹೌದು' ಒತ್ತಿ, ನೆನಪಿಡು ಅಂತ ಟಿಕ್ ಕೂಡ ಹಾಕಿಬಿಟ್ಟರೆ ಅಲ್ಲಿಗೆ ಅಂಗಡಿಯ ಜಿಮೇಲ್ ತೆರೆಯುವುದೇ ಇಲ್ಲ. ಹಾಗಾಗಿದ್ದರೆ 'ಮ್ಯಾನೇಜ್ ಕಂಟೇನರ್ಸ್' ಒಳಗೆ ಆ ಕಂಟೇನರ್‌ನ ಸೈಟ್ ಪಟ್ಟಿಗೆ ಹೋಗಿ ಆ ಸೈಟನ್ನು ತೆಗೆದುಹಾಕಿ.

ಬ್ಯಾಂಕಿನ ವಿಷಯ ಇನ್ನೂ ಸೂಕ್ಷ್ಮ. ಬ್ಯಾಂಕ್ ಸೈಟನ್ನು 'ಬ್ಯಾಂಕ್' ಕಂಟೇನರ್‌ಗೆ ಕಟ್ಟಿದ್ದೀರಿ. ಇನ್ನೊಂದು ಕಂಟೇನರ್‌ನಲ್ಲಿ ರೈಲು ಟಿಕೆಟ್ ಬುಕ್ ಮಾಡಿ ನೆಟ್ ಬ್ಯಾಂಕಿಂಗ್ ಒತ್ತಿದಿರಿ. ಟಿಕೆಟ್ ಸೈಟ್ ನಿಮ್ಮನ್ನು ಬ್ಯಾಂಕ್ ಪುಟಕ್ಕೆ ಕಳಿಸುವಾಗ ಜೊತೆಗೆ ಎಷ್ಟು ಹಣ, ಯಾವ ಆರ್ಡರ್ ಎಂಬ ಮಾಹಿತಿಯನ್ನೂ ಕಳಿಸುತ್ತದೆ. ನಡುದಾರಿಯಲ್ಲಿ ಕಂಟೇನರ್ ಬದಲಾದರೆ ಆ ಮಾಹಿತಿ ಬಿದ್ದುಹೋಗುತ್ತದೆ. ಪುಟ ಎರರ್ ತೋರಿಸುತ್ತದೆ. ಆದ್ದರಿಂದ ನೆಟ್ ಬ್ಯಾಂಕಿಂಗ್‌ನಿಂದ ಹೊರಗಿನ ಸೈಟಿಗೆ ಹಣ ಕಟ್ಟುವವರು ಬ್ಯಾಂಕ್ ಸೈಟನ್ನು ಕಟ್ಟಿಹಾಕಬೇಡಿ. ಬ್ಯಾಂಕ್ ಕಂಟೇನರ್ ಅನ್ನು ಕೈಯಾರೆ ತೆರೆದು ಒಳಗೆ ಹೋಗುವ ರೂಢಿ ಸಾಕು. ಹಣದ ನಡುವೆ ಎರರ್ ಬಂದರೆ ತಕ್ಷಣ ಮತ್ತೊಮ್ಮೆ ಹಣ ಕಟ್ಟಬೇಡಿ, ಖಾತೆಯಲ್ಲಿ ಎಷ್ಟು ಹಣ ಉಳಿದಿದೆ ಅಂತ ಮೊದಲು ನೋಡಿ.

'ಗೂಗಲ್ ಮೂಲಕ ಲಾಗಿನ್', ಡಿಜಿಲಾಕರ್ ಮೂಲಕ ಲಾಗಿನ್ ಇರುವ ಪುಟಗಳಲ್ಲೂ ಇದೇ ತೊಂದರೆ. ಒಂದು ಸೈಟ್ ಇನ್ನೊಂದಕ್ಕೆ ಕಳಿಸಿ ವಾಪಸ್ ಕರೆಯುತ್ತದೆ. ಎರಡೂ ಒಂದೇ ಕಂಟೇನರ್‌ನಲ್ಲಿ ಇರಲೇಬೇಕು.

## ಹಂತ 7: ಬೇರೆಯಾಗದೆ ಉಳಿಯುವುದನ್ನು ಸಂಭಾಳಿಸಿ

ಕಂಟೇನರ್ ಕುಕಿಗಳನ್ನು ಬೇರೆ ಮಾಡುತ್ತದೆ. ಹಿಸ್ಟರಿ, ಬುಕ್‌ಮಾರ್ಕ್, ಸೇವ್ ಮಾಡಿದ ಪಾಸ್‌ವರ್ಡ್, ಡೌನ್‌ಲೋಡ್ ಎಲ್ಲಕ್ಕೂ ಒಂದೇ.

ಪಾಸ್‌ವರ್ಡ್ ಜಾಗದಲ್ಲಿ ಹೆಚ್ಚು ಎಚ್ಚರ ಬೇಕು. ಲಾಗಿನ್ ಪುಟದಲ್ಲಿ ಆ ಸೈಟಿನ ನಿಮ್ಮ ಎಲ್ಲ ಐಡಿಗಳ ಪಟ್ಟಿ ಬರುತ್ತದೆ. 'ಅಂಗಡಿ' ಕಂಟೇನರ್‌ನಲ್ಲಿ ಮನೆಯ ಐಡಿ ಆರಿಸಿದರೂ ಬ್ರೌಸರ್ ತಡೆಯುವುದಿಲ್ಲ. ಬಣ್ಣ ಸರಿ, ಖಾತೆ ತಪ್ಪು. ಲಾಗಿನ್ ಆದ ಮೇಲೆ ಮೂಲೆಯ ಹೆಸರೋ ಫೋಟೋನೋ ಒಮ್ಮೆ ನೋಡಿ. ಎರಡು ಖಾತೆಗೂ ಬೇರೆ ಬೇರೆ ಫೋಟೋ ಹಾಕಿಟ್ಟರೆ ಇನ್ನೂ ಸುಲಭ. ಪಾಸ್‌ವರ್ಡ್ ಸೇವ್ ಮಾಡುವವರು 'ಪ್ರೈಮರಿ ಪಾಸ್‌ವರ್ಡ್' (ಸೇವ್ ಆದ ಎಲ್ಲ ಪಾಸ್‌ವರ್ಡ್‌ಗಳಿಗೂ ಒಂದೇ ಬೀಗ) ಹಾಕಲೇಬೇಕು. ಇಲ್ಲದಿದ್ದರೆ ಕಂಪ್ಯೂಟರ್ ಮುಂದೆ ಕೂತ ಯಾರು ಬೇಕಾದರೂ ಅವನ್ನು ಬಳಸಿ ನಿಮ್ಮ ಖಾತೆಗಳಿಗೆ ಹೋಗಬಹುದು.

ಡೌನ್‌ಲೋಡ್‌ಗೆ 'ಪ್ರತಿ ಸಲ ಎಲ್ಲಿ ಉಳಿಸಲಿ ಎಂದು ಕೇಳು' ಎಂಬ ಆಯ್ಕೆ ಹಾಕಿ. ಇಬ್ಬರ ಪ್ರವೇಶ ಪತ್ರ ಒಂದೇ ಫೋಲ್ಡರ್‌ನಲ್ಲಿ ಒಂದೇ ಹೆಸರಿನಲ್ಲಿ ಬಿದ್ದು, ಪರೀಕ್ಷೆಯ ದಿನ ತಪ್ಪಾದದ್ದು ಕೈಗೆ ಬಂದ ಉದಾಹರಣೆ ನನ್ನ ಪರಿಚಯದಲ್ಲೇ ಇದೆ. ಡಿಜಿಟಲ್ ಸಹಿಯ ಟೋಕನ್ ಕೂಡ ಹೀಗೆಯೇ. ಕಂಪ್ಯೂಟರ್‌ಗೆ ಚುಚ್ಚಿದ್ದು ಎಲ್ಲ ಕಂಟೇನರ್‌ಗೂ ಸಿಗುತ್ತದೆ. ಸಹಿ ಒತ್ತುವ ಮೊದಲು ಪ್ರಮಾಣಪತ್ರದ ಮೇಲಿನ ಹೆಸರು ಓದಿ.

ಇನ್ನು ಹೊರಗಿನಿಂದ ಬರುವ ಲಿಂಕ್. ಪಿಡಿಎಫ್‌ನಲ್ಲೋ ವಾಟ್ಸಾಪ್‌ನ ಕಂಪ್ಯೂಟರ್ ಆ್ಯಪ್‌ನಲ್ಲೋ ಲಿಂಕ್ ಒತ್ತಿದರೆ ಅದು ಬಣ್ಣವಿಲ್ಲದ ಟ್ಯಾಬ್‌ನಲ್ಲಿ ತೆರೆಯುತ್ತದೆ. ಅಲ್ಲೇ ಲಾಗಿನ್ ಆಗಬೇಡಿ. ಪ್ಯಾನೆಲ್‌ನ 'ರೀಓಪನ್ ದಿಸ್ ಸೈಟ್ ಇನ್' ಒತ್ತಿ ಸರಿಯಾದ ಕಂಟೇನರ್‌ಗೆ ತನ್ನಿ.

## ಎಲ್ಲಿ ಕಂಟೇನರ್ ಸಾಲದು

ನಿಮ್ಮದೇ ಹಲವು ಖಾತೆಗಳಿಗೆ ಕಂಟೇನರ್ ಸರಿ. ಬೇರೆ ಬೇರೆ ಜನ ಒಂದೇ ಕಂಪ್ಯೂಟರ್ ಬಳಸುತ್ತಿದ್ದರೆ ಸಾಲದು, ಯಾಕಂದರೆ ಹಿಸ್ಟರಿ ಮತ್ತು ಪಾಸ್‌ವರ್ಡ್ ಎಲ್ಲರಿಗೂ ಕಾಣುತ್ತವೆ. ಆಗ ಫೈರ್‌ಫಾಕ್ಸ್‌ನಲ್ಲೇ ಬೇರೆ ಪ್ರೊಫೈಲ್ (ಹಿಸ್ಟರಿ, ಪಾಸ್‌ವರ್ಡ್ ಎಲ್ಲವೂ ಬೇರೆಯಾಗಿರುವ ಜಾಗ) ಮಾಡಿ. ಬ್ರೇವ್ ಬ್ರೌಸರ್ ಬಳಸುವವರಿಗೂ ಪ್ರೊಫೈಲ್ ಸೌಲಭ್ಯ ಇದೆ. ಪ್ರೊಫೈಲ್‌ಗೆ ಬೀಗ ಇರುವುದಿಲ್ಲ. ಬೀಗ ಬೇಕೆಂದರೆ ವಿಂಡೋಸ್‌ನಲ್ಲೇ ಪಾಸ್‌ವರ್ಡ್ ಇರುವ ಬೇರೆ ಯೂಸರ್ ಮಾಡಬೇಕು.

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರು ಸೈಬರ್ ಸೆಂಟರ್‌ನಲ್ಲಿ ಅರ್ಜಿ ಹಾಕುತ್ತಾರೆ. ಅಲ್ಲಿ ಪ್ರೈವೇಟ್ ವಿಂಡೋ ಬಳಸಿ. ಆದರೆ ನೆನಪಿರಲಿ, ಎರಡು ಪ್ರೈವೇಟ್ ವಿಂಡೋ ತೆರೆದರೆ ಎರಡು ಖಾತೆ ಬೇರೆಯಾಗುವುದಿಲ್ಲ. ಎಲ್ಲ ಪ್ರೈವೇಟ್ ವಿಂಡೋಗಳಿಗೂ ಚೀಟಿ ಒಂದೇ. ಒಂದನ್ನು ಮುಚ್ಚಿ ಇನ್ನೊಂದು ತೆರೆದಿದ್ದರೆ ಲಾಗಿನ್ ಇನ್ನೂ ಜೀವಂತ. ಪಕ್ಕದ ಗೆಳೆಯನ ಅರ್ಜಿ ನಿಮ್ಮ ಲಾಗಿನ್‌ನಲ್ಲಿ ಹೋಗುವುದು ಹೀಗೆಯೇ. ಲಾಗೌಟ್ ಮಾಡಿ, ಎಲ್ಲ ಪ್ರೈವೇಟ್ ವಿಂಡೋ ಮುಚ್ಚಿ ಏಳಿ.

ಫೋನಿನ ಫೈರ್‌ಫಾಕ್ಸ್‌ನಲ್ಲಿ ಈ ಎಕ್ಸ್‌ಟೆನ್ಷನ್ ಇಲ್ಲ. ಅಲ್ಲಿ ಒಂದು ಖಾತೆಗೆ ಒಂದು ಬ್ರೌಸರ್ ಅಂತ ಇಟ್ಟುಕೊಳ್ಳಿ.

ಕೆಲವರು ಕೇಳುತ್ತಾರೆ: "ಇದರಾಗ ಹತ್ತು ಖಾತೆ ಮಾಡಿದ್ರ ಯಾರಿಗೂ ಗೊತ್ತಾಗಂಗಿಲ್ಲಲ್ರಿ?" ಗೊತ್ತಾಗುತ್ತದೆ. ಎಲ್ಲ ಕಂಟೇನರ್‌ಗಳ ಐಪಿ ವಿಳಾಸ (ಇಂಟರ್ನೆಟ್‌ನಲ್ಲಿ ನಿಮ್ಮ ಸಂಪರ್ಕದ ಗುರುತಿನ ಸಂಖ್ಯೆ) ಒಂದೇ, ಕಂಪ್ಯೂಟರ್ ಒಂದೇ. ಸುಳ್ಳು ಖಾತೆ, ಒಬ್ಬರೇ ಹತ್ತು ಕೂಪನ್, ಇಂಥದ್ದಕ್ಕೆ ಇದನ್ನು ಬಳಸಬೇಡಿ. ನಿಜವಾದ ಖಾತೆಗಳೂ ಬಂದ್ ಆಗಬಹುದು. ಐಪಿ ಮುಚ್ಚಲು ಟಾರ್ ಬ್ರೌಸರ್‌ನಲ್ಲಿ ಬ್ಯಾಂಕ್ ತೆರೆಯುವುದೂ ಬೇಡ. ಬೇರೆ ದೇಶದಿಂದ ಲಾಗಿನ್ ಆದಂತೆ ಕಂಡು ಬ್ಯಾಂಕ್ ಖಾತೆಯನ್ನು ತಡೆಹಿಡಿಯಬಹುದು.

## ಈ ಲಕ್ಷಣ ಕಂಡರೆ ನಿಲ್ಲಿ

ದಿನಾ ಬೆಳಿಗ್ಗೆ ಎಲ್ಲ ಕಡೆ ಲಾಗಿನ್ ಕೇಳುತ್ತಿದೆ: ಹಂತ 2ರ ಕುಕಿ ಅಳಿಸುವ ಟಿಕ್ ಉಳಿದಿದೆ, ಇಲ್ಲವೇ ಕಂಪ್ಯೂಟರ್ 'ಸ್ವಚ್ಛ' ಮಾಡುವ ಯಾವುದೋ ಸಾಫ್ಟ್‌ವೇರ್ ಕುಕಿ ಒರೆಸುತ್ತಿದೆ.

ಎರಡು ಪುಟಗಳ ನಡುವೆ ಸುಮ್ನೆ ಸುತ್ತುತ್ತಿದೆ, ಲಾಗಿನ್ ಆಗುತ್ತಲೇ ಇಲ್ಲ: ಹಂತ 6ರಲ್ಲಿ ಯಾವುದೋ ಸೈಟನ್ನು ತಪ್ಪಾಗಿ ಕಟ್ಟಿದ್ದೀರಿ.

ಬಟನ್ ಒತ್ತಿದರೂ ರಸೀದಿ ಬರುತ್ತಿಲ್ಲ: ಪಾಪ್-ಅಪ್ (ತಾನಾಗಿ ತೆರೆಯುವ ಹೊಸ ಕಿಟಕಿ) ಅನ್ನು ಬ್ರೌಸರ್ ತಡೆದಿರಬಹುದು. ಆ ಒಂದು ಸೈಟಿಗೆ ಮಾತ್ರ ಅನುಮತಿ ಕೊಡಿ.

ಬಣ್ಣವಿಲ್ಲದ ಟ್ಯಾಬ್‌ನಲ್ಲಿ ನಿಮ್ಮ ಹೆಸರು ಕಾಣುತ್ತಿದೆ: ಇದೇ ಎಲ್ಲಕ್ಕಿಂತ ದೊಡ್ಡ ಎಚ್ಚರಿಕೆ. ಯಾರೋ ಅಲ್ಲಿ ಲಾಗಿನ್ ಆಗಿದ್ದಾರೆ, ಬಹುಶಃ ನೀವೇ. ಆ ಸೈಟಿನಿಂದ ಆಗಲೇ ಲಾಗೌಟ್ ಮಾಡಿ.

## ಕೆಲಸದವರು ಬಿಟ್ಟುಹೋದಾಗ

ಅಂಗಡಿಯ ಹುಡುಗ ಕೆಲಸ ಬಿಟ್ಟ ಅಂತ ಅವನು ಬಳಸುತ್ತಿದ್ದ ಕಂಟೇನರ್ ಅಳಿಸಿದರೆ ಸಾಲದು. ಅಳಿಸಿದರೆ ಈ ಕಂಪ್ಯೂಟರ್‌ನ ಲಾಗಿನ್ ಮಾತ್ರ ಹೋಗುತ್ತದೆ. ಅವನ ಫೋನಿನಲ್ಲಿ ಅದೇ ಖಾತೆ ತೆರೆದಿದ್ದರೆ ಹಾಗೇ ಇರುತ್ತದೆ. ಮೊದಲು ಖಾತೆಯ ಸೆಕ್ಯುರಿಟಿ ಪುಟದಲ್ಲಿ ಲಾಗಿನ್ ಆಗಿರುವ ಸಾಧನಗಳ ಪಟ್ಟಿ ನೋಡಿ, ನಿಮ್ಮದಲ್ಲದ್ದನ್ನು ಹೊರಹಾಕಿ. ಬಳಿಕ ಪಾಸ್‌ವರ್ಡ್ ಬದಲಿಸಿ. ವಾಟ್ಸಾಪ್ ಆದರೆ ಅಂಗಡಿಯ ಫೋನಿನಲ್ಲಿ 'ಲಿಂಕ್ಡ್ ಡಿವೈಸಸ್' ತೆರೆದು ಗುರುತಿಲ್ಲದ್ದನ್ನು ತೆಗೆಯಿರಿ. ಕಂಟೇನರ್ ಅಳಿಸುವುದು ಇದೆಲ್ಲ ಆದ ಮೇಲೆ, ಕೊನೆಗೆ.